ಕಲ್ಪಿತ ಯಂತ್ರದ ದೋಷವಿಚಾರ

ಯಂತ್ರವೊಂದು ಕೆಟ್ಟು ನಿಂತಾಗ ನಮ್ಮ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಇದನ್ನು ಮತ್ತೆ ನಡೆಯಿಸುವುದು ಹೇಗೆ ಎಂಬುದು ಮೊದಲನೆಯದು. ಇದು ನಿಂತುದು ಏಕೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ದೊರೆತೊಡನೆಯೇ ಎರಡನೆಯದನ್ನು ಕೈಬಿಡುವುದು ಲೋಕರೂಢಿ. ದಾರಿಯಲ್ಲಿ ನಿಂತ ಬಸ್ಸಿನ ಪ್ರಯಾಣಿಕರು ಹಾಗೆ ಮಾಡಿದರೆ ತಪ್ಪಿಲ್ಲ. ಅವರಿಗೆ ಊರು ಸೇರಿದರೆ ಸಾಕು. ಆದರೆ ವಿಜ್ಞಾನದ ವಿದ್ಯಾರ್ಥಿಗಳೂ ಹಾಗೆಯೇ ಮಾಡತೊಡಗಿದರೆ, ತಾವು ಕಲಿಯಬೇಕಾದುದರಲ್ಲಿ ಮುಖ್ಯವಾದ ಭಾಗವನ್ನೇ ಅವರು ಕಳೆದುಕೊಳ್ಳುತ್ತಾರೆ. ಇಂದಿನ ಕಾಲೇಜುಗಳ ಗಣಕ ಪ್ರಯೋಗಶಾಲೆಗಳಲ್ಲಿ ಈ ನಷ್ಟವು ದಿನದಿನವೂ ಸಂಭವಿಸುತ್ತಿದೆಯೆಂದು ನಮ್ಮ ಅಭಿಪ್ರಾಯ. ಅದನ್ನು ತೋರಿಸಲು 'ವರ್ಚುವಲ್ ಮೆಷಿನ್' ಎಂಬ ಸಾಧನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ವರ್ಚುವಲ್ ಮೆಷಿನ್ ಎಂದರೆ ಗಣಕದೊಳಗೊಂದು ಗಣಕ. ಮೇಜಿನ ಮೇಲಿರುವ ನಿಜವಾದ ಗಣಕದಲ್ಲಿ ಒಂದು ವಿಶೇಷ ತಂತ್ರಾಂಶವನ್ನು ನಡೆಯಿಸಿದರೆ, ಅದು ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಕಾರ್ಡು ಮೊದಲಾದ ಅಂಗಗಳುಳ್ಳ ಮತ್ತೊಂದು ಗಣಕವನ್ನು ಕಲ್ಪಿಸಿಕೊಡುತ್ತದೆ. ಈ ಎರಡನೆಯದನ್ನು ನಾವು 'ಕಲ್ಪಿತ ಯಂತ್ರ'ವೆಂದು ಕರೆಯೋಣ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿಯೇ, ಅದನ್ನು ಅಳಿಸದೆ, ಲಿನಕ್ಸನ್ನು ಕಲಿಯಬೇಕೆನ್ನುವವರಿಗೆ ಇದು ಬಹಳ ಉಪಕಾರಿ. ಹೊರಗಿನ ವಿಂಡೋಸಿಗೆ ಆತಿಥೇಯವೆಂದೂ ಒಳಗಿನ ಲಿನಕ್ಸಿಗೆ ಅತಿಥಿಯೆಂದೂ ಹೆಸರು. ಅತಿಥಿಯು ತನ್ನದೇ ಆದ ಡಿಸ್ಕ್ ಒಂದಿದೆಯೆಂದು ತಿಳಿದು ವ್ಯವಹರಿಸುತ್ತದೆ. ವಾಸ್ತವವಾಗಿ ಆ ಡಿಸ್ಕ್ ಆತಿಥೇಯದಲ್ಲಿರುವ ಒಂದು ದೊಡ್ಡ ಕಡತ, ಅಷ್ಟೆ.

ಈ ಕಲ್ಪನೆ ಹೊಸದಲ್ಲ. ಐಬಿಎಂ ಸಂಸ್ಥೆಯವರು 1960ರ ದಶಕದಲ್ಲಿಯೇ, ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ತಮ್ಮ ಕೇಂದ್ರದಲ್ಲಿ, ಒಂದು ದೊಡ್ಡ ಗಣಕವನ್ನು ಹಲವರಿಗೆ ಹಲವು ಗಣಕಗಳಂತೆ ಹಂಚಿಕೊಡುವ ವ್ಯವಸ್ಥೆಯನ್ನು ರಚಿಸಿದರು. ಅದರ ಬೆಳೆದ ರೂಪವನ್ನು 1972ರಲ್ಲಿ ವಿಎಂ/370 ಎಂಬ ಹೆಸರಿನಿಂದ ಪ್ರಕಟಿಸಿದರು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು, ಒಂದು ಗಣಕವು ಇಂತಹ ಏರ್ಪಾಟಿಗೆ ಒಗ್ಗಬೇಕಾದರೆ ಅದರ ಆದೇಶಗಳಲ್ಲಿ ಯಾವ ಗುಣಗಳಿರಬೇಕು ಎಂಬುದನ್ನು ಗಣಿತದ ಖಚಿತತೆಯಿಂದ ನಿರೂಪಿಸಿದರು. ನಮ್ಮ ಮೇಜಿನ ಗಣಕಗಳಲ್ಲಿ ಬಳಕೆಗೆ ಬಂದ ಎಕ್ಸ್86 ಪ್ರೊಸೆಸರುಗಳಲ್ಲಿ ಆ ಗುಣಗಳು ಪೂರ್ತಿಯಾಗಿ ಇರಲಿಲ್ಲ. 1999ರಲ್ಲಿ ಬಂದ ವಿಎಂವೇರ್ ಸಂಸ್ಥೆಯ ವರ್ಕ್‌ಸ್ಟೇಷನ್ ತಂತ್ರಾಂಶವು, ತೊಡಕಿನ ಆದೇಶಗಳನ್ನು ಅವು ನಡೆಯುವ ಹೊತ್ತಿನಲ್ಲಿಯೇ ಬೇರೆ ಆದೇಶಗಳಾಗಿ ತರ್ಜುಮೆ ಮಾಡಿ ಈ ಕೊರತೆಯನ್ನು ದಾಟಿತು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಸಂಸ್ಥೆಗಳು ಪ್ರೊಸೆಸರಿನಲ್ಲಿಯೇ ಇದಕ್ಕೆ ಬೇಕಾದ ಸೌಕರ್ಯವನ್ನು ಅಳವಡಿಸಿದುವು. ಇಂಟೆಲಿನವರ ಸೌಕರ್ಯಕ್ಕೆ ವಿಟಿ-ಎಕ್ಸ್ ಎಂದು ಹೆಸರು. 2007ರಲ್ಲಿ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದ ಮೂಲ ಬರಹವು ಸಾರ್ವಜನಿಕರಿಗೆ ತೆರೆಯಿತು. ಈಗ ಒರಾಕಲ್ ಸಂಸ್ಥೆಯ ವಶದಲ್ಲಿರುವ ಇದನ್ನು ಹಣ ಕೊಡದೆ ಪಡೆಯಬಹುದಾದುದರಿಂದ, ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಎಟಕುತ್ತದೆ.

ಮೇಲಿನ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕಲ್ಪಿತ ಯಂತ್ರವು ಒಂದರ ಮೇಲೊಂದು ಅಂತಸ್ತುಗಳನ್ನು ಕಟ್ಟಿದ ಮನೆ. ಎಲ್ಲಕ್ಕೂ ಕೆಳಗೆ ಪ್ರೊಸೆಸರ್ ಮತ್ತು ಅದರ ಮೂಲ ಏರ್ಪಾಟುಗಳನ್ನು ಹಿಡಿದಿರುವ ಬಯಾಸ್. ಅದರ ಮೇಲೆ ಆತಿಥೇಯ ವ್ಯವಸ್ಥೆ. ಅದರ ಮೇಲೆ ಕಲ್ಪಿತ ಯಂತ್ರವನ್ನು ರಚಿಸುವ ತಂತ್ರಾಂಶ. ಅದರ ಮೇಲೆ ಆ ತಂತ್ರಾಂಶವು ತೋರಿಸುವ ಕಲ್ಪಿತ ಅಂಗಗಳು. ಅವುಗಳ ಮೇಲೆ ಅತಿಥಿ ವ್ಯವಸ್ಥೆ. ತುತ್ತತುದಿಯಲ್ಲಿ ವಿದ್ಯಾರ್ಥಿಯು ಬರೆದ ಪ್ರೋಗ್ರಾಮು. ಮಾಳಿಗೆಯ ಗೋಡೆಯಲ್ಲಿ ಬಿರುಕು ಕಂಡರೆ ತಳಪಾಯ ಕುಸಿದಿರಬಹುದು. ಅಂತೆಯೇ ಅತಿಥಿಯಲ್ಲಿ ಕಾಣುವ ರೋಗದ ಕಾರಣವು ಎರಡು ಮೂರು ಅಂತಸ್ತು ಕೆಳಗೆ ಅಡಗಿರಬಹುದು. ಲಕ್ಷಣ ಕಂಡ ಜಾಗವೇ ಕಾರಣದ ಜಾಗವೆಂದು ತಿಳಿಯುವುದು ಇಲ್ಲಿ ನಡೆಯುವ ಮೊದಲನೆಯ ತಪ್ಪು.

ಒಂದು ಸಂದರ್ಭವನ್ನು ನೋಡೋಣ. ಇಂಟೆಲ್ ಪ್ರೊಸೆಸರಿನ ಲ್ಯಾಪ್‌ಟಾಪೊಂದರಲ್ಲಿ, ವರ್ಚುವಲ್‌ಬಾಕ್ಸಿನೊಳಗೆ ನಿನ್ನೆಯವರೆಗೆ ಚುರುಕಾಗಿದ್ದ ಲಿನಕ್ಸ್ ಇಂದು ಬಹಳ ನಿಧಾನವಾಗಿದೆ ಎಂದಿಟ್ಟುಕೊಳ್ಳಿರಿ. ಕಿಟಕಿಯ ಕೆಳ ಅಂಚಿನಲ್ಲಿರುವ ಚಿಕ್ಕ ಚಿತ್ರಗಳ ಸಾಲಿನಲ್ಲಿ ಒಂದು ಹಸಿರು ಆಮೆ ಕುಳಿತಿರುತ್ತದೆ. ಅದನ್ನು ಅಲಂಕಾರವೆಂದು ಎಣಿಸಿ ಅಲಕ್ಷ್ಯ ಮಾಡುವುದು ಸುಲಭ. ಆದರೆ ಅದು ಸಾಕ್ಷಿ ಹೇಳಲು ಬಂದು ಕುಳಿತಿರುವ ಪ್ರಾಣಿ. ವಿಟಿ-ಎಕ್ಸ್ ಸೌಕರ್ಯವನ್ನು ಒಂದು ಸಲಕ್ಕೆ ಒಬ್ಬ ಯಜಮಾನ ಮಾತ್ರ ನೇರವಾಗಿ ಆಳಬಹುದು. ವಿಂಡೋಸಿಗೆ ತನ್ನದೇ ಆದ, ಹೈಪರ್-ವಿ ಎಂಬ ಕಲ್ಪಿತ ಯಂತ್ರ ವ್ಯವಸ್ಥೆಯುಂಟು. ವಿಂಡೋಸಿನ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯಾಗಲಿ, ವಿಂಡೋಸಿನ ಜೊತೆಗೇ ಲಿನಕ್ಸನ್ನು ನಡೆಯಿಸುವ ಡಬ್ಲ್ಯುಎಸ್‌ಎಲ್ 2 ಎಂಬ ಏರ್ಪಾಟಾಗಲಿ ಚಾಲನೆಗೆ ಬಂದರೆ, ಹೈಪರ್-ವಿಯ ತಿರುಳು ಎಚ್ಚೆತ್ತು ಆ ಸೌಕರ್ಯವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಆಗ ವರ್ಚುವಲ್‌ಬಾಕ್ಸ್ ಅದನ್ನೇ ಮಧ್ಯಸ್ಥನನ್ನಾಗಿ ಮಾಡಿಕೊಂಡು ಸುತ್ತುದಾರಿಯಲ್ಲಿ ಕೆಲಸ ಸಾಗಿಸುತ್ತದೆ. 2018ರ ಕೊನೆಯಲ್ಲಿ ಬಂದ 6.0 ಆವೃತ್ತಿಯಿಂದ ಈ ಅನುಕೂಲವಿದೆ. ಅದಕ್ಕೂ ಮೊದಲು ಇಂತಹ ಸ್ಥಿತಿಯಲ್ಲಿ 64 ಬಿಟ್ಟಿನ ಅತಿಥಿಯು ಹೊರಡುತ್ತಲೇ ಇರಲಿಲ್ಲ. ಈಗ ಹೊರಡುತ್ತದೆ, ಆದರೆ ಆಮೆಯ ನಡಿಗೆಯಲ್ಲಿ. ನಿಧಾನ ಕಂಡುದು ಲಿನಕ್ಸಿನಲ್ಲಿ. ಕಾರಣವಿರುವುದು ಕೆಳಗೆ, ವಿಂಡೋಸಿನಲ್ಲಿ.

ಇದಕ್ಕೆ ರೂಢಿಯಲ್ಲಿರುವ ಚಿಕಿತ್ಸೆ ಎಂತಹುದು? ಲಿನಕ್ಸನ್ನು ಅಳಿಸಿ ಮತ್ತೆ ಸ್ಥಾಪಿಸು ಎಂದು ಗೆಳೆಯನೊಬ್ಬನು ಹೇಳುತ್ತಾನೆ. ಅದಕ್ಕೆ ಇನ್ನಷ್ಟು ಮೆಮೊರಿಯನ್ನು ಕೊಡು ಎಂದು ಇನ್ನೊಬ್ಬನು ಹೇಳುತ್ತಾನೆ. ಅಂತರಜಾಲದಲ್ಲಿ ಯಾರೋ ಬರೆದಿಟ್ಟ ಹತ್ತು ಉಪಾಯಗಳನ್ನು ಒಟ್ಟಿಗೆ ಪ್ರಯೋಗಿಸುವವನು ಮೂರನೆಯವನು. ಇವುಗಳಲ್ಲಿ ಮೊದಲನೆಯ ಮದ್ದು ವ್ಯರ್ಥ. ಮೇಲಿನ ಅಂತಸ್ತನ್ನು ಕೆಡವಿ ಕಟ್ಟಿದ ಮಾತ್ರಕ್ಕೆ ಕೆಳಗಿನ ಅಂತಸ್ತು ನೆಟ್ಟಗಾಗುವುದಿಲ್ಲ. ಎರಡನೆಯದು ರೋಗವನ್ನು ಹೆಚ್ಚಿಸಬಹುದು. 8 ಗಿಗಾಬೈಟ್ ಮೆಮೊರಿಯುಳ್ಳ ಗಣಕದಲ್ಲಿ 6 ಗಿಗಾಬೈಟನ್ನು ಅತಿಥಿಗೆ ಎತ್ತಿಟ್ಟರೆ ಆತಿಥೇಯಕ್ಕೆ ಉಳಿಯುವುದು 2 ಮಾತ್ರ. ಅದು ಸಾಲದಾದಾಗ, ಆತಿಥೇಯವು ಮೆಮೊರಿಗಿಂತ ಎಷ್ಟೋ ಪಾಲು ನಿಧಾನವಾದ ಡಿಸ್ಕನ್ನು ಮೆಮೊರಿಯ ಬದಲಿಗೆ ಬಳಸತೊಡಗುತ್ತದೆ. ಅತಿಥಿಯು ನಡೆಯುತ್ತಿರುವುದೂ ಅದರ ಆಶ್ರಯದಲ್ಲಿಯೇ ಆದುದರಿಂದ ಎರಡೂ ಕುಂಟುತ್ತವೆ. ಅತಿಥಿಗೆ ಉಣಬಡಿಸಬೇಕೆಂದು ಮನೆಯವರನ್ನೆಲ್ಲ ಉಪವಾಸ ಕೆಡವಿದರೆ ಬಡಿಸುವವರಾದರೂ ಯಾರು?

ಮೂರನೆಯ ಮದ್ದು ಎಲ್ಲಕ್ಕಿಂತ ಅಪಾಯಕರವಾದುದು. ಅದರಿಂದ ಕೆಲವು ಸಲ ಗುಣ ಕಾಣುತ್ತದೆ ಎಂಬುದೇ ಅದರ ಅಪಾಯ. ಆ ಹತ್ತು ಉಪಾಯಗಳ ನಡುವೆ ಮೆಮೊರಿ ಇಂಟೆಗ್ರಿಟಿಯನ್ನು ನಿಲ್ಲಿಸುವುದೂ ಒಂದಾಗಿರುತ್ತದೆ. ಹಾನಿಕರವಾದ ತಂತ್ರಾಂಶವು ವಿಂಡೋಸಿನ ಒಳತಿರುಳನ್ನು ಹೊಗದಂತೆ ಕಾಯುವುದು ಆ ರಕ್ಷಣೆಯ ಕೆಲಸ. ಅದು ನಿಂತೊಡನೆ ಆಮೆ ಮಾಯವಾಗಬಹುದು, ಲಿನಕ್ಸ್ ಚುರುಕಾಗಬಹುದು. ವಿದ್ಯಾರ್ಥಿಗೆ ಸಂತೋಷವಾಗುತ್ತದೆ. ಆದರೆ ಹತ್ತರಲ್ಲಿ ಯಾವುದು ಫಲ ಕೊಟ್ಟಿತೆಂಬುದು ಅವನಿಗೆ ತಿಳಿಯದು. ಮನೆಯ ಕಾವಲುಗಾರನನ್ನು ತಾನೇ ಕಳುಹಿಸಿಬಿಟ್ಟಿರುವೆನೆಂಬುದೂ ತಿಳಿಯದು. ಆ ಕಾವಲನ್ನು ಎಂದೂ ತೆಗೆಯಬಾರದೆಂದು ನಾವು ಹೇಳುವುದಿಲ್ಲ. ತೆಗೆಯುವವನಿಗೆ ಏನನ್ನು ಕೊಟ್ಟು ಏನನ್ನು ಪಡೆದೆನೆಂಬ ಅರಿವಿರಬೇಕು ಎಂಬುದಿಷ್ಟೇ ನಮ್ಮ ಮಾತು.

ಹಾಗಾದರೆ ಮಾಡಬೇಕಾದುದೇನು? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಪದವಿಪೂರ್ವ ತರಗತಿಯ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿಯೇ ಅದು ಇದೆ. ಮೀಟರ್ ಸೇತುವೆಯಿಂದ ರೋಧವನ್ನು ಅಳೆಯುವಾಗ, ತಿಳಿದ ರೋಧವನ್ನು ಒಂದು ತೆರಪಿನಲ್ಲಿಯೂ ತಿಳಿಯದ ರೋಧವನ್ನು ಇನ್ನೊಂದು ತೆರಪಿನಲ್ಲಿಯೂ ಇಟ್ಟು ಒಂದು ಸಲ ಅಳೆಯುತ್ತೇವೆ. ಬಳಿಕ ಅವೆರಡನ್ನೂ ಅದಲುಬದಲು ಮಾಡಿ ಮತ್ತೊಮ್ಮೆ ಅಳೆದು ಸರಾಸರಿಯನ್ನು ತೆಗೆಯುತ್ತೇವೆ. ಇದರ ಉದ್ದೇಶವೇನು? ತಂತಿಯ ತುದಿಗಳಲ್ಲಿರುವ ದೋಷವು ಸೇತುವೆಗೆ ಸೇರಿದುದು, ರೋಧಕ್ಕೆ ಸೇರಿದುದಲ್ಲ. ಅದಲುಬದಲು ಮಾಡಿದರೆ ಸೇತುವೆಯ ದೋಷವು ರೋಧದ ಲೆಕ್ಕದಲ್ಲಿ ಸೇರಿಕೊಳ್ಳುವುದು ಬಹುಮಟ್ಟಿಗೆ ತಪ್ಪುತ್ತದೆ. ಕಲ್ಪಿತ ಯಂತ್ರದಲ್ಲಿಯೂ ಇದೇ ನ್ಯಾಯವನ್ನು ಅನುಸರಿಸಬಹುದು. ಅದೇ ಅತಿಥಿಯ ಪ್ರತಿಯನ್ನು ಬೇರೊಂದು ಗಣಕದಲ್ಲಿ ನಡೆಯಿಸಿ ನೋಡಬೇಕು; ಅದೇ ಗಣಕದಲ್ಲಿ ಬೇರೊಂದು ಹೊಸ ಅತಿಥಿಯನ್ನು ನಡೆಯಿಸಿ ನೋಡಬೇಕು. ದೋಷವು ಅತಿಥಿಯೊಡನೆ ಪ್ರಯಾಣ ಮಾಡಿದರೆ ಅದನ್ನು ಅತಿಥಿಯಲ್ಲಿ ಹುಡುಕಬೇಕು; ಗಣಕದಲ್ಲಿಯೇ ಉಳಿದರೆ ಗಣಕದಲ್ಲಿ ಹುಡುಕಬೇಕು. ಹುಡುಕುವಾಗ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ, ಉಳಿದುದೆಲ್ಲವನ್ನೂ ಇದ್ದಂತೆಯೇ ಇರಿಸಬೇಕು.

ನಿಜವಾದ ಪ್ರಯೋಗಶಾಲೆಗೂ ಇಲ್ಲದ ಒಂದು ಅನುಕೂಲವು ಕಲ್ಪಿತ ಯಂತ್ರಕ್ಕೆ ಇದೆ. ಕಾದು ಆರಿದ ನೀರನ್ನು ಮೊದಲಿನ ಕ್ಷಣಕ್ಕೆ ಹಿಂದಿರುಗಿಸಲಾಗದು. ಮುರಿದ ಗಾಜನ್ನು ಕೂಡಿಸಲಾಗದು. ಕಲ್ಪಿತ ಯಂತ್ರದಲ್ಲಾದರೋ 'ಸ್ನ್ಯಾಪ್‌ಶಾಟ್' ಎಂಬ ಏರ್ಪಾಟಿನಿಂದ ಯಾವುದೇ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು, ಬೇಕಾದಾಗ ಅಲ್ಲಿಗೆ ಮರಳಬಹುದು. ಡಿಸ್ಕ್ ಮತ್ತು ಯಂತ್ರದ ಏರ್ಪಾಟುಗಳು ಮಾತ್ರವಲ್ಲದೆ, ಯಂತ್ರವು ನಡೆಯುತ್ತಿದ್ದರೆ ಮೆಮೊರಿಯ ಸ್ಥಿತಿಯೂ ಅದರಲ್ಲಿ ಸೇರುತ್ತದೆ. ಇದನ್ನು ಕೇವಲ ಆಪತ್ಕಾಲದ ಬಾಗಿಲೆಂದು ಬಳಸುವುದು ರೂಢಿ. ಆದರೆ ಇದು ಒಳ್ಳೆಯ ಪರೀಕ್ಷಾಸಾಧನವೂ ಹೌದು. ನಿನ್ನೆ ಸರಿಯಾಗಿದ್ದ ಸ್ಥಿತಿಗೆ ಯಂತ್ರವನ್ನು ಮರಳಿಸಿರಿ. ದೋಷವು ಹೋದರೆ, ನಿನ್ನೆಯಿಂದ ಇಂದಿನವರೆಗೆ ಅತಿಥಿಯಲ್ಲಿ ಏನೋ ಬದಲಾಗಿದೆ. ದೋಷವು ಉಳಿದರೆ, ಬದಲಾದುದು ಸಾಮಾನ್ಯವಾಗಿ ಅತಿಥಿಯ ಹೊರಗೆ. ಸ್ನ್ಯಾಪ್‌ಶಾಟ್ ಅತಿಥಿಯನ್ನು ಹಿಂದಕ್ಕೆ ಒಯ್ಯುತ್ತದೆಯೇ ಹೊರತು ಆತಿಥೇಯವನ್ನಲ್ಲ. ಮೇಲಿನ ಆಮೆಯ ಪ್ರಸಂಗದಲ್ಲಿ ಈ ಒಂದೇ ಪರೀಕ್ಷೆಯಿಂದ ಅರ್ಧ ಮನೆಯನ್ನು ಹುಡುಕುವ ಶ್ರಮ ತಪ್ಪುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಬೇಕು. ಸ್ನ್ಯಾಪ್‌ಶಾಟಿನ ಅನಂತರದ ಬದಲಾವಣೆಗಳು ಬೇರೆ ಕಡತದಲ್ಲಿ ಸೇರುತ್ತ, ಹಿಂದಿನ ಕಡತವನ್ನೇ ಆಧಾರವಾಗಿ ಹಿಡಿದಿರುತ್ತವೆ. ಸರಪಳಿಯ ಒಂದು ಕೊಂಡಿಯನ್ನು ಕೈಯಾರೆ ಅಳಿಸಿದರೆ ಉಳಿದವೂ ಕೆಡುತ್ತವೆ. ಆದುದರಿಂದ ಮುಖ್ಯವಾದ ಕೆಲಸದ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಲೇಬೇಕು.

ಸಾಕ್ಷಿಯನ್ನು ಕೇಳದೆ ತೀರ್ಪು ಕೊಡುವ ನ್ಯಾಯಾಧೀಶರನ್ನು ನಾವು ಒಪ್ಪುವುದಿಲ್ಲ. ಕಲ್ಪಿತ ಯಂತ್ರದ ಸಾಕ್ಷ್ಯವೆಲ್ಲ 'ಲಾಗ್' ಎಂಬ ಕಡತದಲ್ಲಿ ಇರುತ್ತದೆ. ವರ್ಚುವಲ್‌ಬಾಕ್ಸ್ ಪ್ರತಿಯೊಂದು ಯಂತ್ರದ ಕಡತಗಳ ಜೊತೆಯಲ್ಲಿಯೇ ಅದನ್ನು ಬರೆದಿಡುತ್ತದೆ. ನಮ್ಮ ಉದಾಹರಣೆಯಲ್ಲಿ, ವಿಟಿ-ಎಕ್ಸ್ ದೊರೆಯದಿದ್ದುದರಿಂದ ಬೇರೆ ಮಾರ್ಗವನ್ನು ಹಿಡಿಯುತ್ತಿರುವೆನೆಂಬ ಅರ್ಥದ ಸಾಲೊಂದು ಅದರಲ್ಲಿ ಕಾಣಸಿಗುತ್ತದೆ. ಆ ಕಡತವು ಉದ್ದವಾದುದು, ಓದಲು ನೀರಸವಾದುದು; ಅದರ ಎಲ್ಲ ಸಾಲುಗಳೂ ಮೊದಲ ನೋಟಕ್ಕೆ ಅರ್ಥವಾಗುವಂತಹವಲ್ಲ. ಆದರೂ ಸರಿಯಾಗಿ ನಡೆದ ದಿನದ ಲಾಗನ್ನೂ ಕೆಟ್ಟ ದಿನದ ಲಾಗನ್ನೂ ಪಕ್ಕಪಕ್ಕದಲ್ಲಿಟ್ಟು, ಎಲ್ಲಿ ಬೇರೆಯಾದುವೆಂದು ನೋಡುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಸಾಧ್ಯ.

ಕಂಡ ವಿಚಿತ್ರವೆಲ್ಲ ದೋಷವೇ ಆಗಬೇಕೆಂದೂ ಇಲ್ಲ. ಅತಿಥಿಯ ಗಡಿಯಾರವು ಕೆಲವು ಸಲ ಹಿಂದೆ ಬೀಳುವುದುಂಟು. ನಿಯತ ಕಾಲಕ್ಕೊಮ್ಮೆ ಬರುವ ಮಿಡಿತಗಳನ್ನು ಎಣಿಸಿ ಕಾಲವನ್ನು ತಿಳಿಯುವ ವ್ಯವಸ್ಥೆಗೆ, ಆತಿಥೇಯವು ಬೇರೆ ಕೆಲಸದಲ್ಲಿ ಮುಳುಗಿದ್ದಾಗ ಮಿಡಿತಗಳು ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ಅದಕ್ಕಾಗಿಯೇ, ಆತಿಥೇಯದ ಗಡಿಯಾರದೊಡನೆ ಹೊಂದಿಸುವ ಸಹಾಯಕ ತಂತ್ರಾಂಶವನ್ನು ಅತಿಥಿಯಲ್ಲಿ ಸ್ಥಾಪಿಸುತ್ತಾರೆ. ತನ್ನ ಪ್ರೋಗ್ರಾಮು ಎಷ್ಟು ಹೊತ್ತು ತೆಗೆದುಕೊಂಡಿತೆಂದು ಕಲ್ಪಿತ ಯಂತ್ರದಲ್ಲಿ ಅಳೆಯುವ ವಿದ್ಯಾರ್ಥಿಯು, ಅಳತೆಗೋಲು ಯಾರ ಕೈಯಲ್ಲಿದೆಯೆಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಒಂದೊಂದನ್ನೇ ಬದಲಿಸಿ ವಿಚಾರಿಸುವ ತಾಳ್ಮೆಯು ಎಷ್ಟು ಆಳಕ್ಕೆ ಇಳಿಯಬಲ್ಲುದು ಎಂಬುದಕ್ಕೆ ಗಣಕಗಳ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಅಮೆರಿಕದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಥಾಮಸ್ ನೈಸ್ಲಿ ಅವರು, ಎರಡರ ಅಂತರದಲ್ಲಿರುವ ಅವಳಿ ಅವಿಭಾಜ್ಯ ಸಂಖ್ಯೆಗಳನ್ನು ಕುರಿತು ಗಣಕಗಳಿಂದ ಲೆಕ್ಕ ಮಾಡಿಸುತ್ತಿದ್ದರು. 1994ರ ಜೂನ್ ತಿಂಗಳಲ್ಲಿ ಲೆಕ್ಕವು ತಾಳೆಯಾಗಲಿಲ್ಲ. ತಮ್ಮ ಪ್ರೋಗ್ರಾಮು, ಅದನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ, ಗಣಕದ ಇತರ ಭಾಗಗಳು, ಹೀಗೆ ಒಂದೊಂದನ್ನೇ ಅವರು ಪರೀಕ್ಷಿಸಿ ಬದಿಗಿರಿಸುತ್ತ ಹೋದರು. ಅಕ್ಟೋಬರ್ ವೇಳೆಗೆ ಉಳಿದುದು ಇಂಟೆಲ್ ಸಂಸ್ಥೆಯ ಪೆಂಟಿಯಂ ಪ್ರೊಸೆಸರ್ ಒಂದೇ. 1ನ್ನು 824633702441ರಿಂದ ಭಾಗಿಸಲು ಹೇಳಿದರೆ ಅದು ತಪ್ಪು ಉತ್ತರವನ್ನು ಕೊಡುತ್ತಿತ್ತು! ಹಳೆಯ 486 ಪ್ರೊಸೆಸರಿನಲ್ಲಿ ಅದೇ ಲೆಕ್ಕ ಸರಿಯಾಗಿ ಬರುತ್ತಿತ್ತು. 1994ರ ಡಿಸೆಂಬರಿನಲ್ಲಿ ಆ ಸಂಸ್ಥೆಯು ದೋಷವುಳ್ಳ ಪ್ರೊಸೆಸರುಗಳನ್ನು ಬದಲಾಯಿಸಿಕೊಡಲು ಒಪ್ಪಿತು, ಅದಕ್ಕಾಗಿ 47.5 ಕೋಟಿ ಡಾಲರುಗಳನ್ನು ಲೆಕ್ಕದಲ್ಲಿ ತೆಗೆದಿರಿಸಬೇಕಾಯಿತು. ಲೆಕ್ಕವು ತಾಳೆಯಾಗದ ದಿನ ನೈಸ್ಲಿ ಅವರು ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಿದ್ದರೆ ಫಲವೇನಾಗುತ್ತಿತ್ತು? ತಪ್ಪು ಉತ್ತರವೇ ಮತ್ತೊಮ್ಮೆ ಬರುತ್ತಿತ್ತು.

ಕಲ್ಪಿತ ಯಂತ್ರವನ್ನು ರಚಿಸುವ ತಂತ್ರಾಂಶದಲ್ಲಿಯೂ ದೋಷಗಳು ಇಲ್ಲದಿಲ್ಲ. ಕ್ಯೂಎಮು ಎಂಬ ತಂತ್ರಾಂಶದಲ್ಲಿ, ಹಿಂದೆ ಬಳಕೆಯಲ್ಲಿದ್ದ ಫ್ಲಾಪಿ ಡಿಸ್ಕಿನ ನಿಯಂತ್ರಕವನ್ನು ಅನುಕರಿಸುವ ಭಾಗವೊಂದಿದೆ. ಅದರಲ್ಲಿ 2004ರಿಂದ ಅಡಗಿದ್ದ ಒಂದು ದೋಷವನ್ನು ಜೇಸನ್ ಗೆಫ್ನರ್ ಎಂಬ ಸಂಶೋಧಕರು ಪತ್ತೆಹಚ್ಚಿದರು. 2015ರ ಮೇ ತಿಂಗಳಲ್ಲಿ ಅದು ವೆನಮ್ ಎಂಬ ಹೆಸರಿನಿಂದ ಪ್ರಕಟವಾಯಿತು. ಅತಿಥಿಯೊಳಗೆ ಅಧಿಕಾರ ಪಡೆದವನು ಆ ದೋಷದ ಮೂಲಕ ಗೋಡೆಯನ್ನು ಒಡೆದು ಆತಿಥೇಯಕ್ಕೆ ನುಗ್ಗುವ ಸಂಭವವಿತ್ತು. ಅದೇ ಬರಹವನ್ನು ಬಳಸಿಕೊಂಡಿದ್ದ ವರ್ಚುವಲ್‌ಬಾಕ್ಸಿಗೂ ಅದು ತಗುಲಿತ್ತು. ಫ್ಲಾಪಿ ಡಿಸ್ಕನ್ನು ಜನರು ಮರೆತೇಬಿಟ್ಟಿದ್ದ ಕಾಲದಲ್ಲಿಯೂ ಅದರ ಅನುಕರಣವು ಯಂತ್ರದೊಳಗೆ ಹನ್ನೊಂದು ವರ್ಷ ಕುಳಿತಿತ್ತು. ಯಾರೂ ಬಳಸದ ಕೋಣೆಯೂ ಮನೆಯ ಭಾಗವೇ; ಅದರ ಬಾಗಿಲನ್ನೂ ಯಾರಾದರೊಬ್ಬರು ಪರೀಕ್ಷಿಸಬೇಕು.

ಈ ವಾದಕ್ಕೆ ಒಂದು ಆಕ್ಷೇಪಣೆ ಬರುವುದನ್ನು ನಾವು ಬಲ್ಲೆವು. ನಾಳೆ ಪರೀಕ್ಷೆ ಇರುವಾಗ, ಅರ್ಧ ಗಂಟೆಯಲ್ಲಿ ಮರುಸ್ಥಾಪನೆ ಮಾಡಿ ಕೆಲಸ ಮುಗಿಸಬಹುದಾಗಿರುವಾಗ, ಎರಡು ದಿನ ಕಾರಣವನ್ನು ಹುಡುಕುತ್ತ ಕುಳಿತುಕೊಳ್ಳುವುದು ವಿವೇಕವೇ ಎಂದು ಕೇಳಬಹುದು. ಆಕ್ಷೇಪಣೆ ನ್ಯಾಯವಾದುದು. ಅವಸರವಿದ್ದವರು ಮರುಸ್ಥಾಪನೆಯನ್ನೇ ಮಾಡಲಿ. ಆದರೆ ಅದಕ್ಕೂ ಮೊದಲು ಕೆಟ್ಟ ಯಂತ್ರದ ಒಂದು ಪ್ರತಿಯನ್ನೂ ಅದರ ಲಾಗನ್ನೂ ಬೇರೆಡೆ ಇಟ್ಟುಕೊಳ್ಳಲಿ. ಪರೀಕ್ಷೆ ಮುಗಿದ ಮೇಲೆ ವಿಚಾರಿಸಲು ಸಾಕ್ಷ್ಯವಾದರೂ ಉಳಿದಿರುತ್ತದೆ. ಅವಸರವು ವಿಚಾರವನ್ನು ಮುಂದೂಡಬಹುದು. ವಿಚಾರವೇ ಬೇಡವೆನ್ನುವ ಅಧಿಕಾರ ಅದಕ್ಕಿಲ್ಲ.

ದೂರೆಲ್ಲವನ್ನೂ ವಿದ್ಯಾರ್ಥಿಗಳ ಮೇಲೆ ಹೊರಿಸುವುದು ಸರಿಯಲ್ಲ. ಅಂಕಗಳು ಎಲ್ಲಿರುವುವೋ ವಿದ್ಯಾರ್ಥಿಗಳ ಗಮನವೂ ಅಲ್ಲಿರುತ್ತದೆ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಒಪ್ಪವಾದ ಫಲಿತಾಂಶವನ್ನು ಮಾತ್ರ ನಿರೀಕ್ಷಿಸಿ, ನಡುವೆ ಬಂದ ತಪ್ಪು ಅಳತೆಯನ್ನು ಅಳಿಸಿಬಿಡುವುದನ್ನು ಕಲಿಸಿದವರು ಅಧ್ಯಾಪಕ ವರ್ಗದವರಾದ ನಾವೇ. ಈ ಕಾರಣದಿಂದ ಒಂದು ಸೂಚನೆಯನ್ನು ಮುಂದಿಡುತ್ತೇವೆ. ಗಣಕ ಪ್ರಯೋಗಶಾಲೆಯಲ್ಲಿ ವರ್ಷಕ್ಕೆ ಎರಡು ಮೂರು ದಿನಗಳನ್ನಾದರೂ ದೋಷವಿಚಾರಕ್ಕೆ ಮೀಸಲಿಡಬೇಕು. ಅಧ್ಯಾಪಕರು ಒಂದು ಕಲ್ಪಿತ ಯಂತ್ರದಲ್ಲಿ ಬೇಕೆಂದೇ ಒಂದು ದೋಷವನ್ನು ಇರಿಸಲಿ. ವರ್ಚುವಲ್‌ಬಾಕ್ಸಿನ ಏರ್ಪಾಟಿನಲ್ಲಿ ನೆಟ್‌ವರ್ಕ್ ಕಾರ್ಡಿನ ಕಲ್ಪಿತ ಕೇಬಲನ್ನು ಕಳಚಿಡಬಹುದು. ಅತಿಥಿಯ ಡಿಸ್ಕನ್ನು ತುಂಬಿಸಿಡಬಹುದು. ಅಂತರಜಾಲದ ಹೆಸರುಗಳನ್ನು ವಿಳಾಸಗಳಾಗಿ ತಿರುಗಿಸುವ ಏರ್ಪಾಟನ್ನು ತಪ್ಪಿಸಿಡಬಹುದು. ಮೂರರಲ್ಲಿಯೂ ಮೇಲೆ ಕಾಣುವ ಲಕ್ಷಣವೆಂದರೆ ಪ್ರೋಗ್ರಾಮು ನಡೆಯದಿರುವುದು. ಕಾರಣಗಳು ಮಾತ್ರ ಬೇರೆ ಬೇರೆ ಅಂತಸ್ತುಗಳಲ್ಲಿರುತ್ತವೆ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಡಿಲವಾದ ಸಂಪರ್ಕವುಳ್ಳ ರಿಯೋಸ್ಟ್ಯಾಟ್ ಯಾರ ಪಾಲಿಗೆ ಬರುವುದೋ ಅದು ಅವರ ಅದೃಷ್ಟ. ಕಲ್ಪಿತ ಯಂತ್ರದಲ್ಲಿ ಹಾಗಲ್ಲ. ಒಂದೇ ಕೆಟ್ಟ ಯಂತ್ರದ ಪ್ರತಿಗಳನ್ನು ತರಗತಿಯ ಎಲ್ಲರಿಗೂ ಸಮನಾಗಿ ಹಂಚಬಹುದು. ಯಂತ್ರವನ್ನು ನಡೆಯಿಸಿದುದಕ್ಕೆ ಸ್ವಲ್ಪ ಅಂಕ ಇರಲಿ. ಯಾವುದನ್ನು ಸಂಶಯಿಸಿದರು, ಯಾವ ಪರೀಕ್ಷೆಯಿಂದ ಅದನ್ನು ಬಿಟ್ಟರು ಎಂಬುದನ್ನು ಕ್ರಮವಾಗಿ ಬರೆದುದಕ್ಕೆ ಹೆಚ್ಚು ಅಂಕ ಇರಲಿ. ವಿಚಾರವು ಕ್ರಮವಾಗಿದ್ದು ಕಾರಣವು ಸಿಕ್ಕದೆಹೋದರೂ ಬರಿಗೈಯಲ್ಲಿ ಕಳುಹಿಸಬಾರದು.

ಇಂತಹ ಅಭ್ಯಾಸದಿಂದ ಇನ್ನೊಂದು ಬಾಗಿಲೂ ತೆರೆಯುತ್ತದೆ. ವರ್ಚುವಲ್‌ಬಾಕ್ಸ್, ಕ್ಯೂಎಮು ಮೊದಲಾದ ತಂತ್ರಾಂಶಗಳ ಮೂಲ ಬರಹವು ಎಲ್ಲರಿಗೂ ತೆರೆದಿದೆ. ಅವುಗಳನ್ನು ರಚಿಸುವವರು ಬಳಸುವವರಿಂದ ದೋಷದ ವರದಿಗಳನ್ನು ಸ್ವೀಕರಿಸುತ್ತಾರೆ. 'ಯಂತ್ರ ನಡೆಯುವುದಿಲ್ಲ' ಎಂಬ ಒಂದೇ ಮಾತಿನ ವರದಿಯಿಂದ ಯಾರಿಗೂ ಉಪಯೋಗವಿಲ್ಲ. ಯಾವ ಆವೃತ್ತಿ, ಯಾವ ಆತಿಥೇಯ, ಏನು ಮಾಡಿದಾಗ ಏನಾಯಿತು, ಏನಾಗಬೇಕಾಗಿತ್ತು, ಎಷ್ಟು ಕಡಮೆ ಹೆಜ್ಜೆಗಳಲ್ಲಿ ಅದನ್ನು ಮತ್ತೆ ಕಾಣಬಹುದು ಎಂಬುದನ್ನು ಲಾಗಿನೊಡನೆ ಬರೆದು ಕಳುಹಿಸಿದರೆ, ಆ ಬರಹವು ಒಂದು ಚಿಕ್ಕ ವೈಜ್ಞಾನಿಕ ಪ್ರಬಂಧಕ್ಕೆ ಸಮಾನ. ಅದನ್ನು ಬರೆದ ವಿದ್ಯಾರ್ಥಿಯು ಇತರರು ರಚಿಸಿದ ಯಂತ್ರವನ್ನು ಬಳಸುವುದರ ಜೊತೆಗೆ, ಅದನ್ನು ತಿದ್ದುವವರ ಸಾಲಿನಲ್ಲಿಯೂ ನಿಲ್ಲುತ್ತಾನೆ. ಮುಂದಿನ ಸಲ ನಿಮ್ಮ ಕಲ್ಪಿತ ಯಂತ್ರವು ನಿಂತಾಗ, ಅದನ್ನು ಅಳಿಸುವ ಮುನ್ನ ಒಂದು ಕಾಗದವನ್ನು ತೆಗೆದುಕೊಂಡು, ನಿನ್ನೆಯಿಂದ ಇಂದಿನವರೆಗೆ ಏನು ಬದಲಾಯಿತು ಎಂಬುದನ್ನು ಬರೆಯಲು ತೊಡಗಿರಿ.